ಬೇರೆಯವರು ಸಾಕಿದ ನಾಯಿಯನ್ನು ಮನೆಗೆ ತರಬಹುದೇ?

ಪ್ರಶ್ನೆ: ನಮ್ಮ ಎದುರುಮನೆಯವರು ಮಗನ ಹತ್ತಿರ ಇರಲು ವಿದೇಶಕ್ಕೆ ಹೊರಟಿದ್ದಾರೆ. ಏಳು ವರ್ಷದಿಂದ ಸಾಕಿದ ನಾಯಿಯನ್ನು ನೀವೇ ಇಟ್ಟುಕೊಳ್ಳಿ ಎನ್ನುತ್ತಿದ್ದಾರೆ. ಮಕ್ಕಳಿಗೆ ಆಸೆ. ನಿತ್ಯಪೂಜೆ, ಶ್ರಾದ್ಧ ನಡೆಯುವ ಮನೆಗೆ ನಾಯಿ ಸಲ್ಲದು, ಅವರ ಮನೆಯ ದೋಷವೂ ಜೊತೆಗೆ ಬರುತ್ತದೆ ಎಂಬುದು ಅತ್ತೆಯವರ ಮಾತು. ತರಬಹುದೇ? ಯಾವ ದಿನ ಒಳ್ಳೆಯದು? ಹೆಸರು ಬದಲಿಸಬೇಕೇ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯೀ, ನಿಮ್ಮ ಅತ್ತೆಯವರ ಮಾತನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ನಾಯಿ ಮುಟ್ಟಿದ್ದು ನೈವೇದ್ಯಕ್ಕೆ ಬರುವುದಿಲ್ಲ. ಶ್ರಾದ್ಧದಲ್ಲಿ ಬ್ರಾಹ್ಮಣರು ಊಟಕ್ಕೆ ಕೂತಾಗ ನಾಯಿಯ ದೃಷ್ಟಿ ಬೀಳಬಾರದು ಅಂತ ಮನುಸ್ಮೃತಿಯಲ್ಲೇ ಇದೆ. ಆದರೆ ಅದೇ ಸ್ಮೃತಿ, ಗೃಹಸ್ಥ ವೈಶ್ವದೇವ ಮುಗಿಸಿ ನಾಯಿಗೂ ಕಾಗೆಗೂ ಅನ್ನ ಇಡಬೇಕು ಅಂತಲೂ ಹೇಳುತ್ತದೆ. ಅಂದರೆ ನಮ್ಮ ಅನ್ನದಲ್ಲಿ ನಾಯಿಗೆ ಪಾಲು ಉಂಟು. ಎಲ್ಲಿಯವರೆಗೆ ಬರಬಹುದು ಅನ್ನುವುದಕ್ಕೆ ಗೆರೆಯೂ ಉಂಟು.

ಮಹಾಭಾರತದ ಆದಿಪರ್ವ ನೋಡಿ. ಜನಮೇಜಯನ ಯಾಗಶಾಲೆಗೆ ದೇವಲೋಕದ ನಾಯಿ ಸರಮೆಯ ಮರಿ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ತಾನು ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ ಅಂತ ಮರಿ ತಾಯಿಯ ಹತ್ತಿರ ಅಳುತ್ತದೆ. ಸರಮೆ ಬಂದು ನ್ಯಾಯ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ರಾಜನಿಗೆ ಶಾಪ ತಗಲುತ್ತದೆ. ಹವಿಸ್ಸು ನೆಕ್ಕುವುದು ತಪ್ಪು ಅನ್ನೋದನ್ನು ಮರಿಯೂ ಬಲ್ಲದು. ಶಾಪ ಬಂದದ್ದು ತಪ್ಪು ಮಾಡದ ಪ್ರಾಣಿಯನ್ನು ಹೊಡೆದದ್ದಕ್ಕೆ.

ಕೊನೆಯಲ್ಲಿ, ಮಹಾಪ್ರಸ್ಥಾನಿಕ ಪರ್ವದಲ್ಲಿ, ಮತ್ತೆ ನಾಯಿ ಬರುತ್ತದೆ. ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಅಂತ ಇಂದ್ರ ಹೇಳಿದಾಗ, ಆ ನಿಯಮವೇ ಸುಳ್ಳು ಅಂತ ಧರ್ಮರಾಯ ವಾದ ಮಾಡಲಿಲ್ಲ. ನಂಬಿ ಬಂದದ್ದನ್ನು ನನ್ನ ಸುಖಕ್ಕಾಗಿ ಬಿಡಲಾರೆ ಅಂದ, ಅಷ್ಟೇ. ಮಡಿಯ ನಿಯಮ ನಾಯಿಯನ್ನು ಎಲ್ಲಿ ಇಡಬೇಕು ಅಂತ ಹೇಳುತ್ತದೆ. ಬಿಟ್ಟುಬಿಡಿ ಅಂತ ಹೇಳುವುದಿಲ್ಲ.

ಇನ್ನು ದೋಷದ ಮಾತು. ಕರ್ಮ ಮಾಡಿದವನದು. ಒಬ್ಬರ ಮನೆಯ ಶನಿಕಾಟ ನಾಯಿಯ ಕೊರಳಪಟ್ಟಿ ಹಿಡಿದು ಇನ್ನೊಬ್ಬರ ಮನೆಗೆ ಬರುವುದಿಲ್ಲ. ಕಾಲಭೈರವನಿಗೆ ನಾಯಿಯೇ ವಾಹನ. ದತ್ತಾತ್ರೇಯರ ಪಟದಲ್ಲಿ ಪಾದದ ಬಳಿ ನಾಲ್ಕು ನಾಯಿಗಳಿವೆ. ಅತ್ತೆಯವರಿಗೆ ಇದನ್ನು ಸಮಾಧಾನವಾಗಿ ಹೇಳಿ.

ನಿಜವಾಗಿ ಯೋಚಿಸಬೇಕಾದದ್ದು ಬೇರೆ ಇದೆ. ಮೀಮಾಂಸೆಯಲ್ಲಿ ವಿಶ್ವಜಿತ್ ಯಾಗದ ವಿಚಾರ ಬರುತ್ತದೆ. ಅದರಲ್ಲಿ ಯಜಮಾನ ತನ್ನದೆಲ್ಲವನ್ನೂ ಕೊಟ್ಟುಬಿಡಬೇಕು. ಹಾಗಾದರೆ ತಂದೆತಾಯಿಯನ್ನೂ ಕೊಡಬೇಕೇ? ಬೇಡ, ‘ನನ್ನ ತಂದೆ’ ಅನ್ನುವುದು ಸಂಬಂಧ, ಒಡೆತನವಲ್ಲ, ಒಡೆತನ ಇರುವುದನ್ನಷ್ಟೇ ದಾನ ಮಾಡಬಹುದು ಅಂತ ತೀರ್ಮಾನ. ನಿಮ್ಮ ಎದುರುಮನೆಯವರು ನಾಯಿಯನ್ನು ಕೊಡಬಹುದು. ಏಳು ವರ್ಷ ಅದು ಅವರ ಮೇಲೆ ಇಟ್ಟ ವಿಶ್ವಾಸವನ್ನು ಕೊಡೋಕಾಗಲ್ಲ. ಅದು ಅವರ ಸ್ವತ್ತಲ್ಲ, ನಾಯಿಯದು.

ಹಾಗಾಗಿ ಬಂದ ಹೊಸದರಲ್ಲಿ ಅದು ಊಟ ಬಿಡಬಹುದು, ರಾತ್ರಿ ಅಳಬಹುದು, ಬೀಗ ಹಾಕಿದ ಎದುರುಮನೆಯ ಬಾಗಿಲ ಮುಂದೆ ಹೋಗಿ ಕೂರಬಹುದು. ಆಗ ಗದರಬೇಡಿ, ಅಪಶಕುನ ಅಂತಲೂ ತಿಳಿಯಬೇಡಿ. ಅದು ತನ್ನವರನ್ನು ಹುಡುಕುತ್ತಿದೆ.

ಮುಹೂರ್ತ ಕೇಳಿದ್ದೀರಿ. ಮನೆಯವರೆಲ್ಲ ಎರಡು ಮೂರು ದಿನ ರಜೆಯಲ್ಲಿರುವಾಗ ತನ್ನಿ, ಅದೇ ಒಳ್ಳೆಯ ಮುಹೂರ್ತ. ಪಟಾಕಿ ಹೊಡೆಯುವ ದೀಪಾವಳಿ ಬೇಡ. ಅವರು ಊರಲ್ಲಿರುವಾಗಲೇ ಕೆಲವು ದಿನ ನಿಮ್ಮ ಮನೆಗೆ ಕರೆದುಕೊಂಡು ಬಂದು ಹೋಗಲಿ. ಅದು ಮಲಗುವ ಹಳೇ ಬಟ್ಟೆಯನ್ನೂ ತಟ್ಟೆಯನ್ನೂ ಕೇಳಿ ಪಡೆಯಿರಿ, ಲಸಿಕೆ ಹಾಕಿಸಿದ ಪುಸ್ತಕವನ್ನೂ. ಹೆಸರು ಬದಲಿಸಬೇಡಿ. ಎಲ್ಲ ಬದಲಾದ ಮೇಲೆ ಅದಕ್ಕೆ ಉಳಿಯುವುದು ಅದೊಂದೇ. ದೇವರಮನೆಗೂ ಅಡುಗೆಮನೆಗೂ ಹೊಸಿಲಲ್ಲೇ ಗೆರೆ ಇರಲಿ; ಶ್ರಾದ್ಧದ ದಿನ ಬೇರೆ ಕೋಣೆಯಲ್ಲೋ ಸ್ನೇಹಿತರ ಮನೆಯಲ್ಲೋ ಇರಲಿ. ಪೂಜೆಗೆ ಮೊದಲು ಮುಟ್ಟಿದರೆ ಸ್ನಾನ ಮಾಡಿ ಕೂರಿ.

ಆದರೆ ಒಪ್ಪಿಕೊಳ್ಳುವ ಮೊದಲು ಎಲ್ಲರೂ ಒಟ್ಟಿಗೆ ಕೂತು ಮಾತಾಡಿ. ಏಳು ವರ್ಷದ ನಾಯಿಗೆ ಮುಪ್ಪು ದೂರವಿಲ್ಲ. ಕಣ್ಣು ಮಂಜಾಗುತ್ತದೆ, ರಾತ್ರಿಹೊತ್ತು ಮನೆಯೊಳಗೇ ಗಲೀಜು ಮಾಡೀತು. ಮಕ್ಕಳ ಆಸೆ ಪರೀಕ್ಷೆಯ ಕಾಲಕ್ಕೆ ಇಳಿದಿರುತ್ತದೆ. ಆಗ ಬೆಳಿಗ್ಗೆ ಹೊರಗೆ ಕರೆದುಕೊಂಡು ಹೋಗುವವರು ಯಾರು? ಅತ್ತೆಯವರು ಮನಸ್ಸಿಲ್ಲದೆ ಹೂಂ ಅಂದರೆ ದಿನವೂ ಜಗಳ, ಕೊನೆಗೆ ಅದನ್ನು ಅನುಭವಿಸುವುದು ಆ ಮೂಕಪ್ರಾಣಿ.

ಆಗದು ಅನ್ನಿಸಿದರೆ ಈಗಲೇ ಆಗದು ಅಂತ ಹೇಳಿ, ಬೇರೆ ಒಳ್ಳೆಯ ಮನೆ ಹುಡುಕಲು ಸಹಾಯ ಮಾಡಿ. ಅದರಲ್ಲಿ ಪಾಪವಿಲ್ಲ. ತಂದಿಟ್ಟುಕೊಂಡು ಬೇಸರ ಬಂದಾಗ ದೇವಸ್ಥಾನದ ಹತ್ತಿರ ಬಿಟ್ಟು ಬರುವುದಿದೆಯಲ್ಲ, ಅದು ಪಾಪ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಸಿಕ್ಕುವಂತೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ಒಂದು ಸಲ ತನ್ನವರನ್ನು ಕಳೆದುಕೊಂಡ ಜೀವ ಅದು. ಎರಡನೇ ಸಲ ಕಳೆದುಕೊಳ್ಳುವಂತೆ ಮಾಡುವುದಿಲ್ಲ ಅಂತ ದೇವರ ಮುಂದೆ ಸಂಕಲ್ಪ ಮಾಡುವ ಧೈರ್ಯ ಇದ್ದರೆ ಖಂಡಿತ ತನ್ನಿ. ಬೇರೆ ಶಾಂತಿ, ಹೋಮ ಏನೂ ಬೇಕಿಲ್ಲ.

ಶುಭವಾಗಲಿ.