ಸ್ಕ್ರೂ ತಿರುಗಿಸುವ ಮುನ್ನ

1980ರ ದಶಕದ ಮರ್ಸಿಡಿಸ್ 300ಡಿ ಟರ್ಬೊ ಡೀಸೆಲ್ ಕಾರಿನ ಇಂಜೆಕ್ಷನ್ ಪಂಪಿನ ಮೇಲೆ ಒಂದು ಪುಟ್ಟ ಡಬ್ಬಿ ಕೂತಿರುತ್ತದೆ. ಅದರ ಹೆಸರು ಆಲ್ಡಾ. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಗಾಳಿಯ ಒತ್ತಡ ಎಷ್ಟಿದೆ ಎಂಬ ಸುದ್ದಿ ಸಣ್ಣ ಕೊಳವೆಯೊಂದರ ಮೂಲಕ ಈ ಡಬ್ಬಿಗೆ ಬರುತ್ತದೆ. ಒತ್ತಡ ಏರಿದಂತೆ ಡಬ್ಬಿ ಡೀಸೆಲ್ಲನ್ನೂ ಹೆಚ್ಚಿಸುತ್ತದೆ. ಕೊಳವೆ ಮ್ಯಾನಿಫೋಲ್ಡನ್ನು ಸೇರುವ ಕಡೆ ಒಂದು ಟೊಳ್ಳು ಬೋಲ್ಟ್ ಇದೆ. ವರ್ಷಗಟ್ಟಲೆ ಮಸಿ ಕೂತು ಅದರ ರಂಧ್ರ ಮುಚ್ಚಿಹೋಗುತ್ತದೆ. ಆಮೇಲೆ ಟರ್ಬೊ ಎಷ್ಟು ಚೆನ್ನಾಗಿದ್ದರೂ ಸುದ್ದಿ ಪಂಪಿಗೆ ಮುಟ್ಟುವುದಿಲ್ಲ. ಡೀಸೆಲ್ ಹೆಚ್ಚುವುದಿಲ್ಲ. ಡೀಸೆಲ್ ಕಡಿಮೆಯಾದ್ದರಿಂದ ಎಕ್ಸಾಸ್ಟಿನ ಬಿಸಿಯೂ ರಭಸವೂ ತಗ್ಗಿ ಟರ್ಬೊ ಸಹ ಸೋಮಾರಿಯಾಗುತ್ತದೆ. ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಹೊಗೆಯನ್ನೂ ಉಗುಳುವುದಿಲ್ಲ.

ಇಂಥ ಗಾಡಿ ಗ್ಯಾರೇಜಿಗೆ ಬಂದಾಗ ಸಾಮಾನ್ಯವಾಗಿ ಬರುವ ತೀರ್ಪು ‘ಟರ್ಬೊ ಹೋಗಿದೆ’ ಎಂಬುದು. ಇಲ್ಲವಾದರೆ ಟರ್ಬೊದ ಒತ್ತಡಕ್ಕೆ ಮಿತಿ ಹಾಕುವ ವೇಸ್ಟ್‌ಗೇಟಿನ ಸರಳನ್ನು ಗಿಡ್ಡ ಮಾಡುತ್ತಾರೆ. ಅದೂ ಅಲ್ಲವಾದರೆ ಆಲ್ಡಾದ ತಲೆಯ ಮೇಲೆ ಕಂಪನಿ ಹಾಕಿದ ಸೀಲು ಒಡೆದು, ಒಳಗಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುತ್ತಾರೆ. ಈ ಕೊನೆಯ ಉಪಾಯದಿಂದ ಪಿಕಪ್ ಸ್ವಲ್ಪ ಬಂದೇ ಬರುತ್ತದೆ. ಮಾಲೀಕ ಸಂತೋಷದಿಂದ ಮನೆಗೆ ಹೋಗುತ್ತಾನೆ. ಬೋಲ್ಟಿನೊಳಗಿನ ಮಸಿ ಮಾತ್ರ ಇದ್ದಲ್ಲೇ ಇರುತ್ತದೆ.

ತತ್ತ್ವಶಾಸ್ತ್ರದ ಬಹು ಹಳೆಯ ಪ್ರಶ್ನೆಯೊಂದು ಇಲ್ಲಿ ಎದುರಾಗುತ್ತದೆ. ಫಲ ಸಿಕ್ಕಿತು ಎಂದ ಮಾತ್ರಕ್ಕೆ ತಿಳಿವಳಿಕೆ ನಿಜವಾಯಿತೇ? ಪಂಪು ಬಡಕಲಾಗಿದೆ ಎಂದು ನಂಬಿ ಸ್ಕ್ರೂ ತಿರುಗಿಸಿದವನಿಗೆ ಗಾಡಿ ಓಡಿತು. ಆದರೆ ಪಂಪು ಬಡಕಲಾಗಿರಲಿಲ್ಲ.

ನ್ಯಾಯ ದರ್ಶನದವರ ಪ್ರಕಾರ ಜ್ಞಾನವೊಂದು ಸರಿಯೆಂದು ಖಚಿತವಾಗುವುದು ಹೊರಗಿನಿಂದ. ಮುಖ್ಯವಾಗಿ ಅದನ್ನು ನಂಬಿ ಮಾಡಿದ ಕೆಲಸ ಕೈಗೂಡಿದಾಗ. ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದರೆ ದಾಹ ತಣಿಯಿತು, ಆದ್ದರಿಂದ ಕಂಡದ್ದು ನೀರೇ. ಇದಕ್ಕೆ ಪರತಃಪ್ರಾಮಾಣ್ಯ ಎಂದು ಹೆಸರು. ಉಡುಪಿಯ ಮಧ್ವಾಚಾರ್ಯರ ಪರಂಪರೆ ಇದನ್ನು ಒಪ್ಪುವುದಿಲ್ಲ. ಜ್ಞಾನದ ಪ್ರಾಮಾಣ್ಯವನ್ನು ಒಳಗಿನ ಸಾಕ್ಷಿಯೇ ಅರಿಯುತ್ತದೆ, ಹೊರಗಿನಿಂದ ಪತ್ತೆಯಾಗುವುದು ದೋಷ ಮಾತ್ರ ಎಂಬುದು ಅವರ ನಿಲುವು. 14ನೇ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಇದನ್ನು ಅಚ್ಚುಕಟ್ಟಾಗಿ ನಿರೂಪಿಸಿದರು. ವಿಜಯನಗರದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನೈಯಾಯಿಕರೊಡನೆ ಇದೇ ವಿಷಯಕ್ಕೆ ದೀರ್ಘವಾಗಿ ವಾದಿಸಿದರು. ನೈಯಾಯಿಕರಿಗೆ ಅವರು ಒಡ್ಡುವ ಮುಖ್ಯ ಆಕ್ಷೇಪ ಅನವಸ್ಥೆಯದು. ಒಂದು ಜ್ಞಾನಕ್ಕೆ ಇನ್ನೊಂದು ಆಧಾರ ಬೇಕಾದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕು. ಇದಕ್ಕೆ ಕೊನೆಯೆಲ್ಲಿ?

ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಅಳೆಯುವ ಗೇಜು ಕೈಯಲ್ಲಿ ಹಿಡಿದವನಿಗೂ ಕಾಡುವ ಪ್ರಶ್ನೆ ಇದೇ. ಟರ್ಬೊ ಸರಿಯಿದೆಯೇ ಎಂದು ಗೇಜು ಹೇಳುತ್ತದೆ. ಗೇಜು ಸರಿಯಿದೆಯೇ ಎಂದು ಹೇಳುವವರು ಯಾರು? ಅದೃಷ್ಟಕ್ಕೆ ಇದಕ್ಕೊಂದು ಸರಳ ದಾರಿಯಿದೆ. ಸೊನ್ನೆಯಿಂದ ಶುರುವಾಗುವ ಸಾದಾ ಗೇಜಾದರೆ ಎಂಜಿನ್ ಆಫ್ ಇದ್ದಾಗ ಮುಳ್ಳು ಸೊನ್ನೆಯ ಮೇಲಿರಬೇಕು. ಹೊಸ ಕಾರುಗಳ ಸೆನ್ಸರಿನಂತೆ ಪೂರ್ಣ ಒತ್ತಡ ಅಳೆಯುವಂಥದ್ದಾದರೆ ಆ ಊರಿನ ವಾಯುಮಂಡಲದ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು ಸುಮಾರು 1.01 ಬಾರ್, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 0.91. ಕರಾವಳಿಯಲ್ಲಿ ಸರಿಯಿದ್ದ ಸೆನ್ಸರು ಬೆಂಗಳೂರಿಗೆ ಬಂದು ಕೆಟ್ಟಿತು ಎಂದುಕೊಳ್ಳುವವರು ಈ ವ್ಯತ್ಯಾಸವನ್ನು ತಿಳಿದಿದ್ದರೆ ಒಂದು ಸೆನ್ಸರಿನ ದುಡ್ಡು ಉಳಿಯುತ್ತದೆ.

10ನೇ ಶತಮಾನದ ನೈಯಾಯಿಕ ಉದಯನಾಚಾರ್ಯರು ಶಂಕೆಗೆ ಒಂದು ಗಡಿ ಹಾಕಿದ್ದರು. ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕುವವನು ಅವೆರಡರ ಸಂಬಂಧವನ್ನು ಬಾಯಲ್ಲಿ ಶಂಕಿಸಿದರೆ, ಅವನ ನಡತೆಯೇ ಅವನ ಶಂಕೆಯನ್ನು ಅಲ್ಲಗಳೆಯುತ್ತದೆ. ಶಂಕೆ ಅಲ್ಲಿಗೆ ನಿಲ್ಲಬೇಕು. ಮುಳ್ಳು ಸೊನ್ನೆಗೆ ಮರಳಿದೆ, ಎರಡು ಸಲ ಅಳೆದರೂ ಅದೇ ಅಂಕಿ ಬಂದಿದೆ ಎಂದಾದ ಮೇಲೂ ಗೇಜನ್ನು ದೂರುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಹೊಗೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ತರ್ಕದ ಪಾಠವೆಲ್ಲ ಬೆಟ್ಟದ ಮೇಲಿನ ಹೊಗೆಯಿಂದ ಶುರುವಾಗುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನಬಹುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನುವಂತಿಲ್ಲ. ಕಾದು ಕೆಂಪಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಲು ಹಸಿ ಸೌದೆಯೂ ಸೇರಬೇಕು. ಈ ಮರೆಯಲ್ಲಿರುವ ಷರತ್ತನ್ನು ತಾರ್ಕಿಕರು ಉಪಾಧಿ ಎನ್ನುತ್ತಾರೆ. ಡೀಸೆಲ್ ಎಂಜಿನ್ನಿನ ಕರಿಹೊಗೆಗೂ ಇಂಥದೇ ಷರತ್ತಿದೆ: ಇರುವ ಗಾಳಿಗೆ ಡೀಸೆಲ್ ಹೆಚ್ಚಾಗಿರಬೇಕು. ಕಟ್ಟಿಕೊಂಡ ಏರ್ ಫಿಲ್ಟರು, ಸೋರುವ ಇಂಜೆಕ್ಟರು, ಬಿರಿದ ಹೋಸು, ತೆರೆದೇ ಉಳಿದ ವೇಸ್ಟ್‌ಗೇಟು, ಯಾವುದರಿಂದಲೂ ಹಾಗಾಗಬಹುದು. ಹೊಗೆ ನೋಡಿ ಟರ್ಬೊ ಹೋಗಿದೆ ಎನ್ನುವುದು ಕೆಟ್ಟ ಅನುಮಾನ. ಮೊದಲು ಹೇಳಿದ ಮರ್ಸಿಡಿಸಿನಲ್ಲಂತೂ ಹೊಗೆ ಇಲ್ಲದಿರುವುದೇ ನಿಜವಾದ ಸುಳಿವು.

ಮಧ್ವರ ಪರಂಪರೆಯ ದ್ವೈತಿಗಳು ಒಪ್ಪುವ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಮೂರೂ ನಿರ್ದೋಷವಾಗಿದ್ದರೆ ಮಾತ್ರ ಪ್ರಮಾಣ ಎಂಬ ಷರತ್ತನ್ನು ಅವರು ಲಕ್ಷಣದಲ್ಲೇ ಸೇರಿಸಿದ್ದಾರೆ. ಗ್ಯಾರೇಜಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇರೊಂದಿಲ್ಲ. ಗೇಜಿನಲ್ಲಿ ಕಂಡದ್ದು ಪ್ರತ್ಯಕ್ಷ, ಹೊಗೆಯಿಂದ ಊಹಿಸಿದ್ದು ಅನುಮಾನ, ಕಂಪನಿಯ ಸರ್ವಿಸ್ ಪುಸ್ತಕದ ಮಾತು ಆಗಮ. ಪುಸ್ತಕ ಬೇರೆ ಮಾಡೆಲ್ಲಿನದಾಗಿದ್ದರೆ ಆ ಮಾತೂ ದೋಷವುಳ್ಳದ್ದೇ.

ಪ್ರತ್ಯಕ್ಷಕ್ಕೂ ಸರಿಯಾದ ಸನ್ನಿವೇಶ ಬೇಕು. ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಕ್ಸಲರೇಟರ್ ಒತ್ತಿ ಬೂಸ್ಟ್ ನೋಡುವವರಿದ್ದಾರೆ. ಲೋಡ್ ಇಲ್ಲದ ಎಂಜಿನ್ ಸುಡುವ ಡೀಸೆಲ್ ತೀರಾ ಕಡಿಮೆ. ಅದರ ಎಕ್ಸಾಸ್ಟಿನಲ್ಲಿ ಟರ್ಬೈನನ್ನು ಜೋರಾಗಿ ತಿರುಗಿಸುವ ಕಸುವಿರುವುದಿಲ್ಲ. ಸರಿಯಾದ ಪರೀಕ್ಷೆಗೆ ಮ್ಯಾನಿಫೋಲ್ಡಿನ ಕೊಳವೆಗೆ ಟಿ ಜಾಯಿಂಟ್ ಹಾಕಿ, ಸಣ್ಣ ಹೋಸನ್ನು ಕಿಟಕಿಯಿಂದ ಒಳಗೆ ತಂದು ಗೇಜಿಗೆ ಜೋಡಿಸಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ವಾಹನ ಸಂಚಾರವಿಲ್ಲದ ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ಓಡಿಸಬೇಕು. ಅಂಕಿ ಓದುವ ಕೆಲಸ ಪಕ್ಕದಲ್ಲಿ ಕೂತವರದು, ಚಾಲಕನದಲ್ಲ. ಆ ಮರ್ಸಿಡಿಸ್ ಎಂಜಿನ್ ಆರೋಗ್ಯವಾಗಿದ್ದರೆ ಮುಳ್ಳು ಹೆಚ್ಚುಕಡಿಮೆ 0.7 ಬಾರ್ ಹತ್ತಿರ ಹೋಗಿ ನಿಲ್ಲುತ್ತದೆ.

ನಿಲ್ಲಿಸುವುದು ವೇಸ್ಟ್‌ಗೇಟ್. ಎಕ್ಸಾಸ್ಟಿನಿಂದ ಟರ್ಬೈನ್ ತಿರುಗಿಸಿ ಎಂಜಿನ್‌ಗೆ ಗಾಳಿ ತುಂಬುವ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಡೀಸೆಲ್ ಕಾರಿಗೆ ಬಂದದ್ದು 1978ರಲ್ಲಿ, ಮರ್ಸಿಡಿಸ್ 300ಎಸ್‌ಡಿಯಲ್ಲಿ. ಹೆಚ್ಚು ಗಾಳಿ ಹೆಚ್ಚು ಡೀಸೆಲ್ಲನ್ನು ಸುಡುತ್ತದೆ, ಅದರಿಂದ ಎಕ್ಸಾಸ್ಟ್ ಹೆಚ್ಚುತ್ತದೆ, ಎಕ್ಸಾಸ್ಟ್ ಮತ್ತಷ್ಟು ಗಾಳಿ ತರುತ್ತದೆ. ಈ ಸುತ್ತಿಗೆ ತನ್ನಷ್ಟಕ್ಕೆ ತಡೆಯಿಲ್ಲ. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಬಲ್ಲ ಚಕ್ರಕ್ಕೆ ಸ್ಪ್ರಿಂಗಿನ ಬಲದಲ್ಲಿ ನಿಂತ ವೇಸ್ಟ್‌ಗೇಟ್ ಎಂಬ ಪುಟ್ಟ ಬಾಗಿಲೇ ಮಿತಿ. ಅದರ ಸರಳನ್ನು ಗಿಡ್ಡ ಮಾಡಿದರೆ ಬಾಗಿಲು ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ, ಟರ್ಬೊದ ಬೇರಿಂಗಿನ ಮೇಲೂ ಹೆಡ್ ಗ್ಯಾಸ್ಕೆಟ್ಟಿನ ಮೇಲೂ ಭಾರ ಬೀಳುತ್ತದೆ. ಅದರ ಜೊತೆಗೆ ಡೀಸೆಲ್ಲನ್ನೂ ಮಿತಿಮೀರಿ ಹೆಚ್ಚಿಸಿದರೆ ಪಿಸ್ಟನ್ ಕರಗುವಷ್ಟು ಬಿಸಿ ಏರಬಹುದು.

ಹಾಗೆಂದು ಸರಳನ್ನು ಮುಟ್ಟಲೇಬಾರದೆಂದಲ್ಲ. ಹಳೆಯ ಸ್ಪ್ರಿಂಗು ಸೋತು ಬಾಗಿಲು ಬೇಗ ತೆರೆಯುವುದುಂಟು. ಕೈಪಂಪಿನಿಂದ ಆ್ಯಕ್ಚುಯೇಟರಿಗೆ ಒತ್ತಡ ಕೊಟ್ಟು ಸರಳು ಯಾವ ಅಂಕಿಗೆ ಅಲುಗುತ್ತದೆ, ಒತ್ತಡ ಸೋರದೆ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಏರಿನಲ್ಲಿ ಅಳೆಯುವುದು ನ್ಯಾಯವಾದ ಕೆಲಸ. ದೋಷ ಹುಡುಕಿ ತೆಗೆಯುವುದರಲ್ಲಿ ಜಯತೀರ್ಥರ ದಾರಿ, ತೆಗೆದ ಮೇಲೆ ರಸ್ತೆಯಲ್ಲಿ ಪರೀಕ್ಷಿಸುವುದರಲ್ಲಿ ನೈಯಾಯಿಕರ ದಾರಿ. ರಸ್ತೆಯ ಫಲವೊಂದನ್ನೇ ನಂಬಿದವರಿಗೆ ಆಲ್ಡಾದ ಸ್ಕ್ರೂ ಸುಳ್ಳು ಹೇಳುತ್ತದೆ. ಮುಂದೆ ಯಾರೋ ಆ ಬೋಲ್ಟನ್ನು ಸ್ವಚ್ಛ ಮಾಡಿದ ದಿನ, ತಿರುಗಿಸಿಟ್ಟ ಸ್ಕ್ರೂ ಬೇಡದಷ್ಟು ಡೀಸೆಲ್ ಸುರಿದು ಕರಿಹೊಗೆ ಎಬ್ಬಿಸುತ್ತದೆ. ಆಗ ಇನ್ನೊಬ್ಬರು ಟರ್ಬೊ ಹೋಗಿದೆ ಎನ್ನುತ್ತಾರೆ.

ಹಳೆಯ ಟರ್ಬೊ ಡೀಸೆಲ್ ಇಟ್ಟುಕೊಂಡವರು ಗಾಡಿ ಎಳೆಯುವುದಿಲ್ಲ ಎಂದು ಗ್ಯಾರೇಜಿಗೆ ಹೋದಾಗ ಮೊದಲು ಫಿಲ್ಟರು, ಹೋಸು, ಆ ಸಣ್ಣ ಕೊಳವೆಯನ್ನು ಬಿಚ್ಚಿಸಿ ನೋಡಲಿ. ಆಮೇಲೆ ಗೇಜು ಜೋಡಿಸಿ ಏರಿನಲ್ಲಿ ಅಳೆಸಿ, ಬಂದ ಅಂಕಿಯನ್ನು ಬರೆದಿಡಲಿ. ಅಲ್ಲಿಯವರೆಗೆ ಸ್ಪ್ಯಾನರ್ ವೇಸ್ಟ್‌ಗೇಟಿನ ಹತ್ತಿರ ಹೋಗದಿರಲಿ.