ಹಂಗಿನ ಅರಮನೆ

"ಹಂಗಿನ ಅರಮನೆಗಿಂತ ಗುಡಿಸಲೇ ಲೇಸು."

ಶ್ರೀರಂಗಪಟ್ಟಣದ ಬಳಿಯ ಕಿರಂಗೂರಿನ ಕಡೆ ಈ ಗಾದೆಗೆ ಜೀವ ಬರುವುದು ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ. ಹೇಳುವವರು ಬಹುಪಾಲು ಸೊಸೆಯಂದಿರು, ಅದೂ ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ. ನಡುಮನೆಗೆ ಗೋಡೆ ಏಳುತ್ತದೆ, ಒಲೆ ಎರಡಾಗುತ್ತದೆ. ಆದರೂ ಕಬ್ಬಿಗೆ ನೀರು ಕಟ್ಟುವ ಸರದಿ ಬಂದರೆ ಅಣ್ಣನ ಸನಿಕೆ ತಮ್ಮನ ಕೈಯಲ್ಲಿರುತ್ತದೆ. ಒಂದು ಮನೆಯ ಉಪ್ಸಾರು ಸಂಜೆಯೊಳಗೆ ಇನ್ನೊಂದು ಮನೆ ಸೇರಿರುತ್ತದೆ. ಯಾರ ನೆರವೂ ಬೇಡವೆಂದು ಗಾದೆ ಹೇಳುತ್ತಿದ್ದರೆ ಗುಡಿಸಲೂ ಏಳುತ್ತಿರಲಿಲ್ಲ. ಸೋಗೆ ಹೊದಿಸಲು ನಾಲ್ಕು ಕೈ ಬೇಕು.

ಚುಚ್ಚುವುದು ನೆರವಲ್ಲ, ಅದನ್ನು ಆಡಿ ತೋರಿಸುವ ಮಾತು. ಎಲೆಅಡಿಕೆಗೆ 20 ರೂಪಾಯಿ ಕೇಳಿದ ಮುದುಕಿಗೆ ಮಗ ಇಲ್ಲವೆನ್ನುವುದಿಲ್ಲ, ಜೇಬಿಗೆ ಕೈ ಹಾಕುತ್ತಲೇ "ಮೊನ್ನೆ ಕೊಟ್ಟಿದ್ದು ಏನಾಯ್ತವ್ವ?" ಅನ್ನುತ್ತಾನೆ. 2023ರಲ್ಲಿ ಗೃಹಲಕ್ಷ್ಮಿ ಬಂತು. ರೇಷನ್ ಕಾರ್ಡಿನಲ್ಲಿ ಯಜಮಾನಿಯೆಂದು ಹೆಸರಿರುವ ಅವ್ವನ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಈಗ ಅವಳು "ನಿನ್ ಅಂಗ್ಯಾಕ್ಲಾ ನಂಗೆ" ಎನ್ನಬಲ್ಲಳು. ಬಿಟ್ಟಿ ಭಾಗ್ಯವೆಂದು ಅರಳಿಕಟ್ಟೆಯಲ್ಲಿ ಕೂತು ಆಡಿಕೊಳ್ಳುವ ಗಂಡಸರಿಗೆ ಆ 20 ರೂಪಾಯಿಯ ಲೆಕ್ಕ ತಿಳಿಯದು. (ಯಜಮಾನಿ ಅತ್ತೆಯೋ ಸೊಸೆಯೋ ಎಂದು ಹೊಸ ಜಗಳ ಹುಟ್ಟಿದ್ದೂ ನಿಜ.)

ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣ ದಸರೆಯ ಮೆರವಣಿಗೆ ಹೊರಡುತ್ತದಲ್ಲ, ಅದರ ಹಿಂದೆಯೂ ಹಂಗು ಕಳಚಿಕೊಂಡ ಕಥೆಯಿದೆ. ವಿಜಯನಗರಕ್ಕೆ ತಲೆಬಾಗಿದ್ದ ಮನೆತನದ ರಾಜ ಒಡೆಯರು 1610ರಲ್ಲಿ ಆ ಸಾಮ್ರಾಜ್ಯದ ಪ್ರತಿನಿಧಿ ತಿರುಮಲರಾಯನಿಂದ ಪಟ್ಟಣವನ್ನು ವಶಪಡಿಸಿಕೊಂಡರು. ಆಮೇಲೆ ಆಚರಿಸಿದ್ದು ಮಾತ್ರ ವಿಜಯನಗರದವರದೇ ಹಬ್ಬ!

ಯಹೂದ್ಯರ ಪಸ್ಕ ಹಬ್ಬದಲ್ಲೂ ಇಂಥದೊಂದು ಸೋಜಿಗವಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಪಾರಾದ ನೆನಪಿನ ಆ ರಾತ್ರಿ ಎಡಕ್ಕೆ ಒರಗಿ ಉಣ್ಣಬೇಕು. ಅದು ಗ್ರೀಕ್, ರೋಮನ್ ಸಿರಿವಂತರು ಊಟಕ್ಕೆ ಕೂರುತ್ತಿದ್ದ ಭಂಗಿ. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ಸುಟ್ಟವರೂ ರೋಮನ್ನರೇ. ಸುಮಾರು ಕ್ರಿ.ಶ. 200ರಲ್ಲಿ ರೂಪುಗೊಂಡ ಯಹೂದ್ಯರ ಕಟ್ಟಳೆಗಳ ಸಂಗ್ರಹ ಮಿಶ್ನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕಡುಬಡವನೂ ಒರಗದೆ ಉಣ್ಣಬಾರದು, ನಾಲ್ಕು ಬಟ್ಟಲು ದ್ರಾಕ್ಷಾರಸ ಅವನಿಗೂ ಸಲ್ಲಬೇಕು, ಊರವರ ಧರ್ಮದ ಪಾಲಿನಿಂದಾದರೂ ಸರಿ. ದಾನದ ಅನ್ನವನ್ನೇ ದೊರೆಯಂತೆ ಕೂತು ಉಣ್ಣು ಎಂಬ ಈ ಕಟ್ಟಳೆಯ ಮುಂದೆ ನಮ್ಮ ಗಾದೆ ಸ್ವಲ್ಪ ಅಂಜುಬುರುಕನಂತೆ ಕಾಣುತ್ತದೆ. ಅದು ಉಣ್ಣುವವನನ್ನು ಗುಡಿಸಲಿಗೆ ಎಬ್ಬಿಸಿ ಕಳಿಸುತ್ತದೆ. ಕೊಟ್ಟವನ ನಾಲಿಗೆಗೆ ಏನೂ ಹೇಳುವುದಿಲ್ಲ. ಯಹೂದ್ಯರಿಗೆ ಸ್ವಂತ ರಾಜ್ಯ 1948ರ ಮೇ 14ಕ್ಕೆ ಬಂತು. ಅದಕ್ಕೂ ಮುಂಚಿನ ನೂರಾರು ವರ್ಷ ಆ ಜನ ಬಿಡುಗಡೆಯನ್ನು ಉಳಿಸಿಕೊಂಡದ್ದು ಮನೆಯೊಳಗೆ, ಊಟದ ಹೊತ್ತಿನಲ್ಲಿ.

ಅವರಲ್ಲೊಬ್ಬನ ಕಥೆಗೆ ನಮ್ಮ ಪಟ್ಟಣದ ನಂಟೂ ಇದೆ. ಬೆನೆ ಇಸ್ರೇಲ್ ಎಂಬ ಯಹೂದ್ಯ ಸಮುದಾಯದ ಸಿಪಾಯಿ ಸ್ಯಾಮ್ಯುಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. ಈ ಕುಲದ ಹೆಸರು ಕುರಾನಿನಲ್ಲಿದೆ ಎಂದು ಟಿಪ್ಪುವಿನ ತಾಯಿ ಅಡ್ಡಬಂದು ಜೀವ ಉಳಿಸಿದಳು ಎಂಬುದು ಐತಿಹ್ಯ. ಬಿಡುಗಡೆಯಾದವನು 1796ರಲ್ಲಿ ಮುಂಬೈಯ ಮಾಂಡವಿಯಲ್ಲಿ ಪ್ರಾರ್ಥನಾ ಮಂದಿರ ಕಟ್ಟಿಸಿದ. ಅದರ ಹೀಬ್ರೂ ಹೆಸರಿಗೆ ದಯೆಯ ಬಾಗಿಲು ಎಂದರ್ಥ. ಉಪಕಾರವನ್ನು ಇಲ್ಲಿ ಎತ್ತಿ ಆಡುತ್ತಿರುವವರು ಪಡೆದವರೇ. ತಾಯಿಯ ಆ ಮಾತನ್ನು ಹೇಳಿಕೊಂಡು ಬಂದವರು ದಿವೇಕರನ ಕಡೆಯವರು.