ಮುತ್ತು ಕೊಳ್ಳಲು ಹೋದವನು



ವಿದೇಶಕ್ಕೆ ಹೊರಟವರ ಕೈಗೆ ಬಂಧುಬಳಗದವರು ಒಂದು ಚೀಟಿ ಕೊಡುವುದು ನಮ್ಮಲ್ಲಿ ವಾಡಿಕೆ. ಗುರುಗಳೆಂದು ನಮ್ಮನ್ನೂ ಯಾರೂ ಬಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದ ಧ್ಯಾನಕೂಟ ನಡೆಸಿಕೊಡಲು ನಾನು ಬಹರೇನಿಗೆ ಹೊರಟಾಗ, ನನ್ನ ಅಕ್ಕ ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಲಕೋಟೆಯಲ್ಲಿಟ್ಟು ಕೊಟ್ಟಳು. "ತಮ್ಮಾ, ಅಲ್ಲಿಯದು ಅಸಲಿ ಮುತ್ತಂತೆ. ಒಂದು ಸರ ತಾ. ಮೋಸ ಮಾತ್ರ ಹೋಗಬೇಡ" ಎಂದಳು.

ಮೋಸ ಹೋಗಬಾರದೆಂದು ನಾನು ಸಾಕಷ್ಟು ಓದಿಕೊಂಡೇ ಹೋದೆ. ಮುತ್ತುಗಳಲ್ಲಿ ಮೂರು ಬಗೆ. ಸಮುದ್ರದ ಚಿಪ್ಪಿನೊಳಗೆ ಯಾವುದೋ ಸಣ್ಣ ಜೀವಿ ಹೊಕ್ಕಾಗಲೋ ಗಾಯವಾದಾಗಲೋ, ಅದರ ಸುತ್ತ ಪದರದ ಮೇಲೆ ಪದರ ಬೆಳೆದು ತಾನಾಗಿ ಆಗುವುದು ಸಹಜ ಮುತ್ತು. ಮನುಷ್ಯನೇ ಚಿಪ್ಪಿನೊಳಗೆ ಬೀಜವಿಟ್ಟು ಬೆಳೆಸುವುದು ಕೃಷಿ ಮುತ್ತು. ಜಪಾನಿನ ಮಿಕಿಮೊಟೊ 1893ರಲ್ಲಿ ಹೀಗೆ ಅರ್ಧಗೋಲದ ಮುತ್ತು ಬೆಳೆಸಿದ. ಗಾಜಿನ ಮಣಿಗೆ ಹೊಳಪು ಬಳಿದದ್ದು ಮೂರನೆಯದು, ನಕಲಿ. ಹಲ್ಲಿಗೆ ಮೆಲ್ಲನೆ ತಿಕ್ಕಿದರೆ ನಕಲಿ ಮುತ್ತು ಜಾರುತ್ತದೆ, ನಿಜವಾದದ್ದು ತುಸು ತರಕಲಾಗಿರುತ್ತದೆ. ಆದರೆ ಸಹಜ ಮುತ್ತು ಯಾವುದು, ಕೃಷಿ ಮುತ್ತು ಯಾವುದು ಎಂಬುದು ಹಲ್ಲಿಗೂ ತಿಳಿಯದು, ಕಣ್ಣಿಗೂ ತಿಳಿಯದು. ಎಕ್ಸ್-ರೇ ಹಿಡಿದು ಒಳಗನ್ನು ನೋಡಬೇಕು. ಬಹರೇನಿನಲ್ಲಿ ಕೃಷಿ ಮುತ್ತಿನ ವ್ಯಾಪಾರಕ್ಕೆ ಕಾನೂನು ಅವಕಾಶ ಕೊಡುವುದಿಲ್ಲ. 2017ರಲ್ಲಿ ಆರಂಭವಾದ ದನತ್ ಎಂಬ ಸಂಸ್ಥೆಯಲ್ಲಿ ಮುತ್ತುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಇಷ್ಟೆಲ್ಲ ನನಗೆ ಬಾಯಿಪಾಠವಾಗಿತ್ತು.

ಧ್ಯಾನಕೂಟ ಮುಗಿದ ಮರುದಿನ ಶುಕ್ರವಾರ. ಮನಾಮದಲ್ಲಿ 1939ರಲ್ಲಿ ಕಟ್ಟಿದ ಯೇಸುವಿನ ಪವಿತ್ರ ಹೃದಯದ ದೇವಾಲಯದಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ಹೊರಬಂದಾಗ ನಮ್ಮ ಧರ್ಮಕೇಂದ್ರದವರೇ ಆದ ಒಬ್ಬರು ಕಾದು ನಿಂತಿದ್ದರು. ಹಲವು ವರ್ಷಗಳಿಂದ ಅಲ್ಲಿ ವಾಹನ ಚಾಲಕರು. ವಾರಕ್ಕೆ ಅದೊಂದೇ ರಜೆ. "ಫಾದರ್, ಇವತ್ತು ಪೂರ್ತಿ ನಿಮ್ಮ ಜೊತೆ ಇರುತ್ತೇನೆ. ರಾತ್ರಿ ವಿಮಾನ ನಿಲ್ದಾಣಕ್ಕೂ ನಾನೇ ಬಿಡುತ್ತೇನೆ" ಎಂದರು. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಮಧ್ಯಾಹ್ನದ ನಂತರ ಅಂಗಡಿ ಸುತ್ತಾಟ ಆರಂಭವಾಯಿತು. ಅಕ್ಕನ ಹಣಕ್ಕೆ ಸರ ಸಿಗುವ ಮಾತೇ ಇರಲಿಲ್ಲ. ಒಂದೇ ಗಾತ್ರದ, ಒಂದೇ ಬಣ್ಣದ ಸಹಜ ಮುತ್ತುಗಳನ್ನು ಒಂದೊಂದಾಗಿ ಕೂಡಿಸಿ ಸರ ಮಾಡಲು ವರ್ಷಗಳೇ ಹಿಡಿಯುತ್ತವೆ. ಕಡೆಗೆ ಓಲೆಗೆ ಹೊಂದುವ ಎರಡು ಸಣ್ಣ ಮುತ್ತು ಸಾಕೆಂದುಕೊಂಡು ಅಂಗಡಿಯಿಂದ ಅಂಗಡಿಗೆ ಹೋದೆ. "ಫಾದರ್, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಿತ್ತು" ಎಂದರು ನನ್ನ ಜೊತೆಗಾರರು. "ಹೇಳಿ ಹೇಳಿ, ಇದೊಂದು ಅಂಗಡಿ ನೋಡಿಬಿಡೋಣ" ಎಂದೆ. ಇನ್ನೊಂದು ಅಂಗಡಿಯ ಮೆಟ್ಟಿಲಲ್ಲಿ ಅವರು ಮತ್ತೆ ಬಾಯಿ ತೆರೆದರು. ನಾನು ದರದ ಲೆಕ್ಕ ಹಾಕುತ್ತಿದ್ದೆ.

ಕೊನೆಯ ಅಂಗಡಿಯ ಯಜಮಾನರು ವೃದ್ಧರು. ಅವರ ತಾತ ಸಮುದ್ರಕ್ಕೆ ಮುಳುಗಿ ಮುತ್ತು ತೆಗೆಯುತ್ತಿದ್ದವರಂತೆ. ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ವಾಸ. ಮೂಗಿಗೆ ಚಿಮುಟ, ಕಾಲಿಗೆ ಕಲ್ಲಿನ ಭಾರ, ಕೊರಳಿಗೆ ಬುಟ್ಟಿ. ಮುಂಗಡವಾಗಿ ಪಡೆದ ಸಾಲ ತೀರದೆ ಎಷ್ಟೋ ಮನೆಗಳಲ್ಲಿ ಅದು ಮಕ್ಕಳ ತಲೆಗೂ ಬರುತ್ತಿತ್ತು. ಮುಳುಗುವವನ ಹಗ್ಗವನ್ನು ದೋಣಿಯ ಮೇಲೆ ಒಬ್ಬನು ಹಿಡಿದಿರುತ್ತಿದ್ದ. ಅವನಿಗೆ ಸೈಬ್ ಎಂದು ಹೆಸರು. ಉಸಿರು ಮುಗಿದಾಗ ಕೆಳಗಿನವನು ಹಗ್ಗ ಎಳೆಯುತ್ತಾನೆ, ಸೈಬ್ ಕೂಡಲೇ ಮೇಲೆತ್ತಬೇಕು. "ಹಗ್ಗ ಹಿಡಿದವನ ಗಮನ ಬೇರೆ ಕಡೆ ಹೋದರೆ ಮುಳುಗಿದವನ ಕಥೆ ಮುಗಿಯಿತು" ಎಂದರು ಆ ಹಿರಿಯರು. ಒಳ್ಳೆಯ ದೃಷ್ಟಾಂತ, ಪ್ರಬೋಧನೆಗೆ ಒದಗುತ್ತದೆ ಎಂದು ನಾನು ಅದನ್ನು ಡೈರಿಯಲ್ಲಿ ಗುರುತು ಹಾಕಿಕೊಂಡೆ!

ಮುತ್ತು ಕೊಂಡೆ. ಬಿಲ್ಲು, ಪ್ರಮಾಣಪತ್ರ ಎರಡನ್ನೂ ಜೋಪಾನವಾಗಿಟ್ಟೆ. ವಿಮಾನ ನಿಲ್ದಾಣವಿರುವುದು ಮುಹರ್ರಕ್ ದ್ವೀಪದಲ್ಲಿ. ಮುತ್ತಿನ ದೋಣಿಗಳು ಹೊರಡುತ್ತಿದ್ದ ದಡವೂ ಅಲ್ಲೇ ಇದೆ. 2012ರಲ್ಲಿ ಯುನೆಸ್ಕೊ ಅದನ್ನು, ಹಳೆಯ ವ್ಯಾಪಾರಿಗಳ ಮನೆಗಳ ಸಮೇತ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಾರಿಯಲ್ಲಿ ಅದನ್ನೆಲ್ಲ ನಾನೇ ಅವರಿಗೆ ವಿವರಿಸಿದೆ. ಇಳಿಸುವಾಗ ಅವರು ನನ್ನ ಪೆಟ್ಟಿಗೆಯನ್ನು ಕೈಗೆ ಕೊಟ್ಟು ಕ್ಷಣಕಾಲ ನಿಂತರು. "ಏನೋ ಹೇಳಬೇಕೆಂದಿರಲ್ಲ?" ಎಂದೆ, ಗಡಿಯಾರ ನೋಡುತ್ತಾ. "ಏನಿಲ್ಲ ಫಾದರ್. ನಮ್ಮ ಮನೆಯವರಿಗಾಗಿ ಪ್ರಾರ್ಥಿಸಿ" ಎಂದರು.

ವಿಮಾನ ಮೇಲೇರಿದ ಮೇಲೆ ಡೈರಿ ತೆರೆದೆ. ಸೈಬನ ಹಗ್ಗದ ಮಾತು ಕಣ್ಣಿಗೆ ಬಿತ್ತು. ಆ ದಿನವಿಡೀ ನನ್ನ ಕೈಯಲ್ಲಿದ್ದ ಹಗ್ಗ ಮೂರು ಸಲ ಅಲುಗಿತ್ತು.

ಪ್ರಿಯರೇ, ಊರಿಗೆ ಬಂದ ಮರುದಿನವೇ ಅವರಿಗೆ ಫೋನು ಮಾಡಿದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು: ಹೆಂಡತಿಯೊಡನೆ ಮಾತು ನಿಂತು ಏಳು ತಿಂಗಳಾಗಿತ್ತು. ಹಣ ತಪ್ಪದೆ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ. ಇನ್ನು ಊರಿಗೇ ಹೋಗುವುದಿಲ್ಲವೆಂದು ಅವರು ತೀರ್ಮಾನಿಸಿದ್ದರು. ಆ ತಾಯಿ ಪ್ರತಿ ಭಾನುವಾರ ಮಗಳ ಕೈಹಿಡಿದು ಬಲಿಪೂಜೆಗೆ ಬರುತ್ತಿದ್ದರು, ನನ್ನ ಕೈಯಿಂದಲೇ ಪರಮಪ್ರಸಾದ ಸ್ವೀಕರಿಸುತ್ತಿದ್ದರು. ಅವರ ಮುಖವನ್ನು ನಾನು ಒಮ್ಮೆಯಾದರೂ ಸರಿಯಾಗಿ ನೋಡಿದ್ದೆನೇ? ಎಲ್ಲವೂ ಸರಿಹೋಯಿತೆಂದು ನಾನು ಬರೆಯಲಾರೆ. ಆ ವರ್ಷದ ಕ್ರಿಸ್ಮಸ್ಸಿಗೆ ಅವರು ಮನೆಗೆ ಬಂದರು, ಮೂವರೂ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ಅಷ್ಟನ್ನು ಬರೆಯಬಲ್ಲೆ.

ಸಂತ ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಮುತ್ತಿನ ವ್ಯಾಪಾರಿಯ ಸಾಮತಿ ನಿಮಗೆಲ್ಲ ಗೊತ್ತು. ಅಮೂಲ್ಯವಾದ ಒಂದು ಮುತ್ತನ್ನು ಕಂಡ ವರ್ತಕನು ತನ್ನದೆಲ್ಲವನ್ನೂ ಮಾರಿ ಅದನ್ನು ಕೊಂಡುಕೊಳ್ಳುತ್ತಾನೆ. ಮೂಲ ಗ್ರೀಕಿನಲ್ಲಿ ಅವನಿಗಿರುವ ಹೆಸರು ಎಂಪೊರೊಸ್, ಅಂದರೆ ದೂರ ಪ್ರಯಾಣ ಮಾಡುವ ವ್ಯಾಪಾರಿ. ಮುತ್ತೇ ಸ್ವರ್ಗಸಾಮ್ರಾಜ್ಯ, ಅದಕ್ಕಾಗಿ ನಾವು ಎಲ್ಲವನ್ನೂ ತೊರೆಯಬೇಕು ಎಂದು ಸಾಮಾನ್ಯವಾಗಿ ಬೋಧಿಸುತ್ತೇವೆ. ಅದು ಸರಿಯೇ. ಆದರೆ ಹಿಂದಿನ ಸಾಮತಿಯಲ್ಲಿ ಸ್ವರ್ಗಸಾಮ್ರಾಜ್ಯವನ್ನು ಹೊಲದ ನಿಧಿಗೆ ಹೋಲಿಸಿದ ಪ್ರಭು, ಇಲ್ಲಿ ಅದನ್ನು ಹುಡುಕುವ ವರ್ತಕನಿಗೇ ಹೋಲಿಸಿದ್ದಾರೆ. ಆದ್ದರಿಂದ ಇನ್ನೊಂದು ಅರ್ಥವನ್ನೂ ನಾವು ಧ್ಯಾನಿಸಬಹುದು: ಹುಡುಕುವವರು ದೇವರು. ಸ್ವರ್ಗದಿಂದ ದೂರ ಪ್ರಯಾಣ ಮಾಡಿ ಬಂದವರು ಅವರು. ಶಿಲುಬೆಯ ಮೇಲೆ ತಮ್ಮದೆಲ್ಲವನ್ನೂ ಕೊಟ್ಟು ಕೊಂಡ ಮುತ್ತು ನೀವು, ನಾನು, ಆ ಚಾಲಕ, ಆತನ ಹೆಂಡತಿ.

ವಸ್ತುಗಳನ್ನು ಬಳಸಬೇಕು, ದೇವರಲ್ಲಿ ಮಾತ್ರ ಆನಂದಿಸಿ ನೆಲೆನಿಲ್ಲಬೇಕು ಎಂಬ ಭೇದವನ್ನು ಸಂತ ಅಗಸ್ಟೀನರು ವಿವರಿಸಿದ್ದಾರೆ. ಗುರುಮಠದಲ್ಲಿ ನಾನಿದನ್ನು ಪರೀಕ್ಷೆಗೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಮುತ್ತಿನಂಗಡಿಯಲ್ಲಿ ನಪಾಸಾದೆ. ಮುತ್ತು ಕೊಳ್ಳುವುದು ಪಾಪವಲ್ಲ. ಮಗಳ ಮದುವೆಗೆ ತಾಯಿ ಆಸೆಪಡುವುದೂ ಪಾಪವಲ್ಲ. ಎರಡು ಮುತ್ತಿಗಾಗಿ ಒಬ್ಬ ಮನುಷ್ಯನನ್ನು ಬರೀ ಚಾಲಕನನ್ನಾಗಿ ಬಳಸಿಕೊಂಡದ್ದು ನನ್ನ ಪಾಪ. ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ.

ನಿಮ್ಮ ಮನೆಯಲ್ಲೂ ಹೊರನಾಡಿನಲ್ಲಿ ದುಡಿಯುವವರಿರಬಹುದು. ಅವರು ಫೋನು ಮಾಡಿದಾಗ ಹಣ ಯಾವಾಗ ಬರುತ್ತದೆ, ಏನು ತರುತ್ತೀರಿ ಎಂದು ಕೇಳುವ ಮೊದಲು ಅವರು ಊಟ ಮಾಡಿದರೇ, ನಿದ್ದೆ ಬರುತ್ತದೆಯೇ ಎಂದು ಕೇಳಿ. ಹೊರನಾಡಿನಲ್ಲಿರುವವರೇ, ಮನೆಗೆ ಕಳಿಸುವ ಹಣದ ಜೊತೆ ನಿಮ್ಮ ಮಾತನ್ನೂ ಕಳಿಸಿ. ಒಂದೇ ಸೂರಿನಡಿ ಇರುವವರೇ, ಊಟಕ್ಕೆ ಕುಳಿತಾಗ ಯಾರಾದರೂ "ಒಂದು ಮಾತು ಹೇಳಬೇಕಿತ್ತು" ಎಂದರೆ ಕೈಯಲ್ಲಿರುವುದನ್ನು ಕೆಳಗಿಡಿ. ಕೆಳಗಿರುವವರ ಉಸಿರು ಎಷ್ಟು ಉಳಿದಿದೆಯೋ ಮೇಲಿರುವ ನಮಗೆ ತಿಳಿಯದು.

ಅಕ್ಕನ ಮಗಳು ಮದುವೆಯ ದಿನ ಆ ಮುತ್ತಿನೋಲೆ ಹಾಕಿಕೊಂಡಿದ್ದಳು. ಚೆನ್ನಾಗಿಯೇ ಕಾಣುತ್ತಿತ್ತು. ಈಗಲೂ ಅವಳು ಅದನ್ನು ಹಾಕಿಕೊಂಡು ಬಂದಾಗ ನಾನು ಬಹರೇನಿಗೆ ಒಂದು ಫೋನು ಮಾಡುತ್ತೇನೆ.

ನಮ್ಮನ್ನು ಅಮೂಲ್ಯವೆಂದು ಎಣಿಸಿ ಕೊಂಡ ಪ್ರಭು, ಒಬ್ಬರನ್ನೊಬ್ಬರು ಹಾಗೆಯೇ ಕಾಣುವ ಕಣ್ಣನ್ನು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.